ಆನೆ ಕಾಸಿಗೆ ಬೆಲೆ ಎಷ್ಟು? ಉತ್ತರ ಇರುವುದು ಹಿಂಬದಿಯಲ್ಲಿ

ಸಿಂಗಾನಲ್ಲೂರು: ಕೊಯಮತ್ತೂರಿನ ಪೂರ್ವಕ್ಕೆ, ತಿರುಚ್ಚಿ ರಸ್ತೆಯಲ್ಲಿ ಒಂದು ಸಿಂಗಾನಲ್ಲೂರು. ಕೊಳ್ಳೇಗಾಲ ಸೀಮೆಯಲ್ಲಿ ಇನ್ನೊಂದು ಸಿಂಗಾನಲ್ಲೂರು. ವರನಟ ಡಾ. ರಾಜಕುಮಾರ್ ಅವರ ಪೂರ್ತಿ ಹೆಸರಿನ ಮೊದಲಿಗೆ ಬರುವುದು ಈ ಎರಡನೆಯ ಊರು. ಇಂದು ಒಂದು ತಮಿಳುನಾಡಿನಲ್ಲಿದೆ, ಇನ್ನೊಂದು ಕರ್ನಾಟಕದಲ್ಲಿದೆ. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಎರಡೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಅದಕ್ಕೂ ಹಿಂದೆ, 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ, ಎರಡೂ ಮೈಸೂರಿನ ಆಳ್ವಿಕೆಗೆ ಸೇರಿದ್ದವು.

ಆ ಹಳೆಯ ನಂಟಿಗೆ ಉಳಿದಿರುವ ಒಂದು ಸಾಕ್ಷಿ ತಾಮ್ರದ ಆನೆ ಕಾಸು. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಬರಹ. ದಿಂಬಂ ಘಾಟಿಯ ಮೇಲೂ ಕೆಳಗೂ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ, ದೇವರ ಕೋಣೆಯ ತಟ್ಟೆಯಲ್ಲಿ ಇಂಥ ಕಾಸು ಇರುವುದುಂಟು. ಅಜ್ಜಿಯ ಕಾಲದಿಂದ ಬಂದದ್ದು ಎಂಬುದಷ್ಟೇ ಅದರ ಬಗ್ಗೆ ಮನೆಯವರಿಗೆ ಗೊತ್ತಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಈ ಪೆಟ್ಟಿಗೆಗಳ ಮೇಲೆ ಹೊಸಬರ ಕಣ್ಣು ಬಿದ್ದಿದೆ. "ನಿಮ್ಮಲ್ಲಿ ಹಳೆಯ ನಾಣ್ಯ ಇದೆಯೇ? ಲಕ್ಷಾಂತರ ರೂಪಾಯಿ ಪಡೆಯಿರಿ" ಎಂಬ ಸಂದೇಶಗಳು ಮೊಬೈಲಿಗೆ ಬರುತ್ತಿವೆ. ಒಮ್ಮೆ ಕನ್ನಡದಲ್ಲಿ, ಒಮ್ಮೆ ತಮಿಳಿನಲ್ಲಿ. ಹಾಗಾದರೆ ಆನೆ ಕಾಸಿಗೆ ನಿಜವಾಗಿ ಬೆಲೆ ಎಷ್ಟು? ಆ ಬೆಲೆಯನ್ನು ಯಾವುದು ನಿರ್ಧರಿಸುತ್ತದೆ? ಗಡಿಭಾಗದ ಜನರು ಮೋಸ ಹೋಗದಿರಲು ಇದನ್ನು ತಿಳಿದುಕೊಳ್ಳುವುದು ಅಗತ್ಯವಾಗಿದೆ.

ಬಡವರ ನಾಣ್ಯ

ಮೈಸೂರು ಸೀಮೆಯಲ್ಲಿ ದೊಡ್ಡ ವ್ಯವಹಾರಕ್ಕೆ ಚಿನ್ನದ ವರಹ ಇತ್ತು. ಅದಕ್ಕಿಂತ ಕೆಳಗೆ ಚಿನ್ನದ್ದೇ ಆದ ಪುಟ್ಟ ನಾಣ್ಯ 'ಹಣ'. ತಮಿಳಿನವರು ಅದನ್ನೇ 'ಪಣಂ' ಎಂದರು. ಇಂದು ಎರಡೂ ಭಾಷೆಗಳಲ್ಲಿ ಆ ಮಾತಿಗೆ ದುಡ್ಡು ಎಂದೇ ಅರ್ಥ. ಆದರೆ ಸಂತೆಯಲ್ಲಿ ಉಪ್ಪು, ಎಲೆ ಅಡಿಕೆ, ಎಣ್ಣೆ ಕೊಳ್ಳುವವರ ಕೈಯಲ್ಲಿ ಓಡಾಡುತ್ತಿದ್ದದ್ದು ಚಿನ್ನವಲ್ಲ, ತಾಮ್ರ. ಅದೇ ಕಾಸು. ತಮಿಳಿನ 'ಕಾಸು', ಕನ್ನಡದ 'ಕಾಸು' ಎರಡೂ ಒಂದೇ. ಇಂಗ್ಲಿಷರು ಈ ನಾಣ್ಯವನ್ನು 'ಕ್ಯಾಶ್' ಎಂದು ಕರೆದದ್ದೂ ಇದೇ ಮಾತಿನಿಂದ. ಕನ್ನಡದ 'ದುಡ್ಡು', ತಮಿಳಿನ 'ದುಟ್ಟು' ಕೂಡ ಮೊದಲು ತಾಮ್ರದ ನಾಣ್ಯದ ಹೆಸರೇ ಆಗಿದ್ದವು.

ಮೈಸೂರು ಒಡೆಯರ ಕಾಲದ ಹಳೆಯ ತಾಮ್ರದ ಕಾಸುಗಳಲ್ಲಿ ಒಂದು ಬದಿಗೆ ಕನ್ನಡ ಅಂಕಿ, ಇನ್ನೊಂದು ಬದಿಗೆ ಅಡ್ಡಡ್ಡ ಗೆರೆಗಳ ಚೌಕಳಿ ಇರುತ್ತಿತ್ತು. ಆನೆಯನ್ನು ಮನೆಮಾತಾಗಿಸಿದ್ದು ಟಿಪ್ಪು ಸುಲ್ತಾನನ ಕಾಲ, ಅಂದರೆ 1782ರಿಂದ 1799. ಅವನ ತಾಮ್ರದ ನಾಣ್ಯಗಳ ಮುಂಬದಿಯಲ್ಲೆಲ್ಲ ಆನೆಯೇ. ಕೆಲವದರಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ ಮುಖ ಮಾಡಿರುತ್ತದೆ. ಹಿಂಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು.

ಟಿಪ್ಪು ತನ್ನ ನಾಣ್ಯಗಳಿಗೆ ಗ್ರಹ ನಕ್ಷತ್ರಗಳ ಹೆಸರಿಟ್ಟಿದ್ದ. ಎರಡು ಪೈಸೆಯ ದಪ್ಪ ನಾಣ್ಯ ಮೊದಲು 'ಉಸ್ಮಾನಿ', ನಂತರ 'ಮುಷ್ತರಿ', ಅಂದರೆ ಗುರು ಗ್ರಹ. ಒಂದು ಪೈಸೆ 'ಜೊಹ್ರಾ', ಅಂದರೆ ಶುಕ್ರ. ಅರ್ಧ ಪೈಸೆ 'ಬಹ್ರಾಮ್', ಅಂದರೆ ಮಂಗಳ. ಕಾಲು ಪೈಸೆ 'ಅಖ್ತರ್', ಅಂದರೆ ನಕ್ಷತ್ರ. ಅರೆಕಾಲು ಪೈಸೆ 'ಕುತ್ಬ್', ಅಂದರೆ ಧ್ರುವ. ಒಂದು ಪೈಸೆಯ ತೂಕ ಸುಮಾರು 11 ಗ್ರಾಂ, ಎರಡು ಪೈಸೆಯದು ಅದರ ಇಮ್ಮಡಿ.

1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆಡಳಿತ ನಡೆದಾಗಲೂ ಆನೆ ಹೋಗಲಿಲ್ಲ. ಅದರ ಬೆನ್ನ ಮೇಲೆ ಸೂರ್ಯ, ಚಂದ್ರ ಮತ್ತು 'ಶ್ರೀ' ಬಂದವು. ಮುಂದೆ 'ಚಾಮುಂಡಿ' ಎಂಬ ಹೆಸರೂ ಸೇರಿತು. ಹಿಂಬದಿಯಲ್ಲಿ ಕನ್ನಡದಲ್ಲಿ 'ಮಯಿಲಿ ಕಾಸು' ಎಂದೂ, ಜೊತೆಗೆ ಇಂಗ್ಲಿಷಿನಲ್ಲಿ ಇಷ್ಟು ಕ್ಯಾಶ್ ಎಂದೂ ಅಚ್ಚಾಯಿತು. ಐದು, ಹತ್ತು, ಇಪ್ಪತ್ತು, ಇಪ್ಪತ್ತೈದು ಕಾಸಿನ ನಾಣ್ಯಗಳಿದ್ದವು. 1830ರ ದಶಕದಲ್ಲಿ ಆನೆಯ ಜಾಗಕ್ಕೆ ಸಿಂಹದಂಥ ಶಾರ್ದೂಲ ಬಂತು. 1843ಕ್ಕೆ ಮೈಸೂರಿನ ತಾಮ್ರದ ನಾಣ್ಯಗಳ ತಯಾರಿಕೆಯೇ ನಿಂತಿತು.

ಸತ್ಯಮಂಗಲದ ಟಂಕಸಾಲೆ

ಈ ಭಾಗದ ಓದುಗರಿಗೆ ಮುಖ್ಯವಾದ ಸಂಗತಿ ಒಂದಿದೆ. ಟಿಪ್ಪುವಿಗೆ ಹತ್ತಕ್ಕೂ ಹೆಚ್ಚು ಕಡೆ ಟಂಕಸಾಲೆಗಳಿದ್ದವು. ಅತಿ ಹೆಚ್ಚು ನಾಣ್ಯ ಬಂದದ್ದು 'ಪಟನ್' ಎಂದು ಅಚ್ಚಾಗುತ್ತಿದ್ದ ಶ್ರೀರಂಗಪಟ್ಟಣದಿಂದ. ನಗರ, ಬೆಂಗಳೂರು, ಗುತ್ತಿ, ಚಿತ್ರದುರ್ಗ, ಕಲ್ಲಿಕೋಟೆಗಳಲ್ಲೂ ನಾಣ್ಯ ಅಚ್ಚಾದವು. ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥರಾಗಿದ್ದ ಜೆ.ಆರ್. ಹೆಂಡರ್ಸನ್ ಅವರು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಬರೆದ, 1921ರಲ್ಲಿ ಪ್ರಕಟವಾದ ಪುಸ್ತಕ ಇಂದಿಗೂ ಸಂಗ್ರಾಹಕರ ಕೈಪಿಡಿ. ಟಿಪ್ಪುವಿನ ಟಂಕಸಾಲೆಗಳಲ್ಲಿ 'ಸಲಾಮಾಬಾದ್' ಎಂಬ ಹೆಸರೂ ಇದೆ. ಸಲಾಮಾಬಾದ್ ಎಂದರೆ ಬೇರಾವುದೂ ಅಲ್ಲ, ದಿಂಬಂ ಘಾಟಿಯ ಬುಡದಲ್ಲಿರುವ ನಮ್ಮ ಸತ್ಯಮಂಗಲ!

ತಾಳವಾಡಿಯವರು, ಚಾಮರಾಜನಗರದವರು, ಕೊಯಮತ್ತೂರಿನವರು ಇಂದಿಗೂ ಹಾದುಹೋಗುವ ಊರು ಅದು. ಬಯಲ ಕೊಂಗುನಾಡಿನಿಂದ ಮೈಸೂರಿನ ಪ್ರಸ್ಥಭೂಮಿಗೆ ಹತ್ತುವ ದಾರಿಗಳು ಅಲ್ಲಿ ಸೇರುತ್ತವೆ. ಆ ಕಾಲದಲ್ಲಿ ಸೈನ್ಯವೂ ಅದೇ ದಾರಿಯಲ್ಲಿ ಇಳಿಯುತ್ತಿತ್ತು, ಹೇರು ಎತ್ತುಗಳೂ ಅದೇ ದಾರಿಯಲ್ಲಿ ಹತ್ತುತ್ತಿದ್ದವು. ಅಂಥ ಊರಿನಲ್ಲಿ ಚಿಲ್ಲರೆ ನಾಣ್ಯ ಅಚ್ಚು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ.

1799ರಲ್ಲಿ ಕೊಯಮತ್ತೂರು ಸೀಮೆ ಕಂಪನಿಯ ಕೈಗೆ ಹೋಯಿತು. ಅಲ್ಲಿಂದ ಮುಂದೆ ಘಾಟಿಯ ಕೆಳಗೆ ಮದ್ರಾಸಿನ ಕಂಪನಿ ಕಾಸು, ಘಾಟಿಯ ಮೇಲೆ ಚಾಮರಾಜನಗರದ ಕಡೆ ಮೈಸೂರಿನ ಕಾಸು. ಆದರೆ ಜನ ಒಂದೇ, ಸಂತೆ ಒಂದೇ. ರಾಜ್ಯ ಬದಲಾದ ಮರುದಿನವೇ ಜೇಬಿನ ನಾಣ್ಯ ಬದಲಾಗುವುದಿಲ್ಲ. ಆದ್ದರಿಂದಲೇ ಘಾಟಿಯ ಎರಡೂ ಕಡೆ ಎರಡೂ ಬಗೆಯ ಕಾಸು ಸಿಕ್ಕರೆ ಅಚ್ಚರಿಪಡಬೇಕಾಗಿಲ್ಲ.

ಹಳೆಯದೆಲ್ಲ ಬೆಲೆಬಾಳುವುದಿಲ್ಲ

ಈಗ ಬೆಲೆಯ ವಿಷಯಕ್ಕೆ ಬರೋಣ. ಜನರಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆ ಎಂದರೆ, ನಾಣ್ಯ ಎಷ್ಟು ಹಳೆಯದೋ ಅಷ್ಟು ಬೆಲೆ ಎಂಬುದು. ಇದು ನಿಜವಲ್ಲ. ನಾಣ್ಯದ ಬೆಲೆಯನ್ನು ನಿರ್ಧರಿಸುವುದು ಮೂರು ಸಂಗತಿಗಳು: ಅಂಥವು ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿದೆ, ಅದನ್ನು ಬೇಕೆನ್ನುವವರು ಎಷ್ಟು ಮಂದಿ.

ಇದಕ್ಕೆ ಮದ್ರಾಸಿನ ಕಾಸೇ ಒಳ್ಳೆಯ ಉದಾಹರಣೆ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರಾಂತ್ಯಕ್ಕಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಬಳಿಯ ಸೋಹೊ ಟಂಕಸಾಲೆಯಲ್ಲಿ ಹತ್ತು ಕಾಸು, ಇಪ್ಪತ್ತು ಕಾಸಿನ ನಾಣ್ಯ ಮಾಡಿಸಿತು. ಅವುಗಳನ್ನು ತುಂಬಿಕೊಂಡು ಮದ್ರಾಸಿಗೆ ಹೊರಟಿದ್ದ 'ಅಡ್ಮಿರಲ್ ಗಾರ್ಡ್ನರ್' ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಲಕ್ಷಗಟ್ಟಲೆ ನಾಣ್ಯ ಮೇಲೆತ್ತಿದರು. 1808ರ ಆ ನಾಣ್ಯಗಳಿಗೆ ಇನ್ನೂರು ವರ್ಷ ದಾಟಿದೆ. ಆದರೂ ಅಗ್ಗವಾಗಿ ಸಿಗುತ್ತವೆ. ಕಾರಣ, ರಾಶಿ ರಾಶಿ ಇವೆ.

ಇದಕ್ಕೆ ತದ್ವಿರುದ್ಧ ಉದಾಹರಣೆ 1939ರ ಆರನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ. ಅದು ಅಷ್ಟೇನೂ ಹಳೆಯದಲ್ಲ. ಆದರೆ ಅತಿ ವಿರಳ. ನಿಜವಾದದ್ದಾದರೆ ಲಕ್ಷಗಳಲ್ಲಿ ಬೆಲೆ. ಮರುವರ್ಷದ, ಅಂದರೆ 1940ರ ರೂಪಾಯಿ ಎಲ್ಲಿ ಬೇಕಾದರೂ ಸಿಗುತ್ತದೆ. ಒಂದು ಅಂಕಿಯ ವ್ಯತ್ಯಾಸ, ಬೆಲೆಯಲ್ಲಿ ನೆಲ ಮುಗಿಲಿನ ಅಂತರ. ಆ ಅಂಕಿಯನ್ನೇ ತಿದ್ದಿ ಮಾರುವ ಖದೀಮರೂ ಇರುವುದರಿಂದ ತಿಳಿದವರು ತೂಕ ನೋಡದೆ, ಭೂತಗನ್ನಡಿ ಹಿಡಿಯದೆ ಕೊಳ್ಳುವುದಿಲ್ಲ.

ಆನೆ ಕಾಸಿನ ಕಥೆಯೂ ಹೀಗೆಯೇ. ಸವೆದ, ಅಕ್ಷರ ಕಾಣದ, ಸಾಧಾರಣವಾದ ಒಂದು ಪೈಸೆಗೆ ಇಂದಿನ ಮಾರುಕಟ್ಟೆಯಲ್ಲಿ ಸಿಗುವುದು ಕೆಲವು ನೂರು ರೂಪಾಯಿ ಮಾತ್ರ. ಆನೆಯ ಸೊಂಡಿಲಿನಿಂದ ಬಾಲದವರೆಗೆ ಸ್ಪಷ್ಟವಾಗಿದ್ದು, ಹಿಂಬದಿಯ ಬರಹವೂ ಪೂರ್ತಿ ಇದ್ದರೆ ಸಾವಿರಗಳಿಗೆ ಏರುತ್ತದೆ. ದೊಡ್ಡ ಎರಡು ಪೈಸೆಗೆ ಹೆಚ್ಚು. ವಿರಳ ಟಂಕಸಾಲೆಯದಾದರೆ ಇನ್ನೂ ಹೆಚ್ಚು.

ಇಲ್ಲಿಯೇ ಗುಟ್ಟು ಇರುವುದು. ಆನೆ ಎಲ್ಲ ನಾಣ್ಯದಲ್ಲೂ ಇದೆ. ಪಟ್ಟಣದ ಕಾಸಿನಲ್ಲೂ ಆನೆ, ಸತ್ಯಮಂಗಲದ ಕಾಸಿನಲ್ಲೂ ಆನೆ. ಆದರೆ ಪಟ್ಟಣದ ಕಾಸು ಸಿಗುವಷ್ಟು ಹೇರಳವಾಗಿ ಸಲಾಮಾಬಾದಿನದು ಸಿಗುವುದಿಲ್ಲ. ಎರಡನ್ನೂ ಬೇರೆ ಮಾಡುವುದು ಹಿಂಬದಿಯ ಒಂದೇ ಒಂದು ಪದ. ಹೀಗಾಗಿ ತಿಳಿದ ಸಂಗ್ರಾಹಕ ಆನೆ ನೋಡಿ ಬೆಲೆ ಹೇಳುವುದಿಲ್ಲ, ಹಿಂಬದಿಯನ್ನೂ ತೋರಿಸಿ ಎನ್ನುತ್ತಾನೆ. ತೂಕ ಕೇಳುತ್ತಾನೆ. ಆನೆಯ ಒಂದು ಚಿತ್ರ ನೋಡಿದ ಕೂಡಲೇ "ಐದು ಲಕ್ಷ ಕೊಡುತ್ತೇವೆ" ಎಂದವನಿಗೆ ನಾಣ್ಯ ಬೇಕಾಗಿಲ್ಲ, ಬೇರೇನೋ ಬೇಕಾಗಿದೆ ಎಂದೇ ಅರ್ಥ.

ವರ್ಷ ಓದುವುದರಲ್ಲೂ ಎಡವುವವರಿದ್ದಾರೆ. ಟಿಪ್ಪು ಕೆಲ ಕಾಲದ ನಂತರ ಹಿಜರಿ ಶಕೆಯನ್ನು ಬಿಟ್ಟು 'ಮೌಲೂದಿ' ಎಂಬ ಬೇರೆ ಲೆಕ್ಕ ಹಿಡಿದ. ಅದರಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹಾಗೆ ಓದಿದಾಗ 1225 ಎಂದು ಬಂದರೆ ಅದು ಹದಿಮೂರನೆಯ ಶತಮಾನದ್ದಲ್ಲ, ನಮ್ಮ ಲೆಕ್ಕದ 1797ರ ಸುಮಾರಿನದು. "ಎಂಟುನೂರು ವರ್ಷದ ಕಾಸು" ಎಂದು ಹೇಳಿ ಮಾರುವವರು ಇದನ್ನು ತಿಳಿಯದವರು, ಇಲ್ಲವೇ ತಿಳಿದೂ ಸುಳ್ಳು ಹೇಳುವವರು.

ಮೋಸದ ದಾರಿಗಳು

ಮೊದಲನೆಯದು ಮೊಬೈಲ್ ದಾರಿ. ಘೇಂಡಾಮೃಗದ ಚಿತ್ರವಿರುವ 25 ಪೈಸೆಗೆ ಲಕ್ಷ, ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಹತ್ತು ಲಕ್ಷ ಎಂಬ ಪ್ರಚಾರ ಎಲ್ಲರೂ ನೋಡಿರುವಂಥದ್ದೇ. ಘೇಂಡಾಮೃಗದ ನಾಲ್ಕಾಣೆ 1988ರಿಂದ ಸುಮಾರು ಹದಿನೈದು ವರ್ಷ ಕೋಟಿಗಟ್ಟಲೆ ಅಚ್ಚಾದ ನಾಣ್ಯ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆಯನ್ನು ಸರ್ಕಾರ 2011ರ ಜೂನ್ 30ರಿಂದ ನಿಲ್ಲಿಸಿತು. ಬ್ಯಾಂಕಿಗೆ ಕೊಡದೆ ಉಳಿಸಿಕೊಂಡವರ ಮನೆಗಳಲ್ಲಿ ಅವು ಇನ್ನೂ ಡಬ್ಬಿಗಟ್ಟಲೆ ಇವೆ. ವೈಷ್ಣೋದೇವಿಯ 5 ಮತ್ತು 10 ರೂಪಾಯಿ ನಾಣ್ಯ 2012ರದು. ಇಂಥವಕ್ಕೆ ಲಕ್ಷ ಕೊಡುವವರು ಯಾರು? ಯಾರೂ ಇಲ್ಲ.

ಕೊಡುತ್ತೇವೆ ಎಂದವರು ಮೊದಲು ಕೇಳುವುದು ನೋಂದಣಿ ಶುಲ್ಕ. ನಂತರ ಜಿಎಸ್‌ಟಿ, ನಂತರ ಕೊರಿಯರ್ ಖರ್ಚು, ನಂತರ "ರಿಸರ್ವ್ ಬ್ಯಾಂಕಿನ ಅನುಮತಿ". ಐನೂರರಿಂದ ಶುರುವಾಗಿ ಸಾವಿರಗಳು ಕೈಬಿಟ್ಟ ಮೇಲೆ ಆ ಫೋನ್ ಸ್ವಿಚ್ ಆಫ್. ಇದು ಎಷ್ಟು ಹಬ್ಬಿತೆಂದರೆ 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕೇ ಎಚ್ಚರಿಕೆಯ ಪ್ರಕಟಣೆ ಹೊರಡಿಸಬೇಕಾಯಿತು. ಹಳೆಯ ನೋಟು, ನಾಣ್ಯಗಳ ಮಾರಾಟದ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಇದಕ್ಕಾಗಿ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಪರವಾಗಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟಪಡಿಸಿತು.

ಎರಡನೆಯದು ದೇವರ ಚಿತ್ರದ ದಾರಿ. ಶ್ರೀರಾಮ ಪಟ್ಟಾಭಿಷೇಕ, ಹನುಮಂತ, ಲಕ್ಷ್ಮಿ ಮುಂತಾದ ಚಿತ್ರವಿದ್ದು, ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, ಅರ್ಧಾಣೆ, 1818 ಎಂದು ಇರುವ ಬಿಲ್ಲೆಗಳು ಎರಡೂ ರಾಜ್ಯಗಳಲ್ಲಿ ಓಡಾಡುತ್ತಿವೆ. ಕಂಪನಿ ಅಂಥ ಅರ್ಧಾಣೆಯನ್ನು ಹೊರಡಿಸಿಯೇ ಇಲ್ಲ. ದೇಶಕ್ಕೆಲ್ಲ ಒಂದೇ ಬಗೆಯ ಕಂಪನಿ ಅರ್ಧಾಣೆ ಬಂದದ್ದು 1835ರಲ್ಲಿ, ಅದರ ಮೇಲಿದ್ದದ್ದು ಕಂಪನಿಯ ಲಾಂಛನ. ಹಾಗಾಗಿ ಈ 1818ರ ಬಿಲ್ಲೆಗಳು ಈಚೆಗೆ ಮಾಡಿದವು. ಪೂಜೆಗೆ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ಆದರೆ ಹಳೆಯ ನಾಣ್ಯವೆಂದು ಹಣ ಕೊಡಬೇಕಾಗಿಲ್ಲ.

ಇದೇ ಬಿಲ್ಲೆಗಳನ್ನು ಹಿಡಿದು ಮೂರನೆಯ, ಅತಿ ದೊಡ್ಡ ಮೋಸ ನಡೆಯುತ್ತದೆ. ಅದೇ 'ರೈಸ್ ಪುಲ್ಲಿಂಗ್'. ಈ ನಾಣ್ಯ ಅಥವಾ ಚೊಂಬು ಅಕ್ಕಿಯನ್ನು ಸೆಳೆಯುತ್ತದೆ, ಇದರಲ್ಲಿ ಇರಿಡಿಯಂ ಇದೆ, ವಿದೇಶದ ವಿಜ್ಞಾನ ಸಂಸ್ಥೆ ಕೋಟಿ ಕೊಡುತ್ತದೆ, ಪರೀಕ್ಷೆಗೆ ಮಾತ್ರ ನೀವು ಕೆಲವು ಲಕ್ಷ ಹಾಕಬೇಕು ಎಂಬ ಕಥೆ. ಅಕ್ಕಿಯನ್ನು ಎಳೆಯುವ ಲೋಹ ಜಗತ್ತಿನಲ್ಲಿ ಇಲ್ಲ. ಇರಿಡಿಯಂ ಬೆಲೆಬಾಳುವ ಲೋಹ ಎಂಬುದು ನಿಜ, ಆದರೆ ಅದು ಅಕ್ಕಿಯನ್ನು ಎಳೆಯುವುದಿಲ್ಲ. ಈ ಜಾಲದಲ್ಲಿ ಸಿಕ್ಕವರನ್ನು ತಮಿಳುನಾಡು, ಕರ್ನಾಟಕ ಎರಡೂ ಕಡೆಯ ಪೊಲೀಸರು ಮತ್ತೆ ಮತ್ತೆ ಬಂಧಿಸಿದ್ದಾರೆ. ಆದರೂ ಜಮೀನು ಅಡವಿಟ್ಟು ಹಣ ಹಾಕುವವರು ಕಡಿಮೆಯಾಗಿಲ್ಲ.

ಗಡಿಯ ಹಳ್ಳಿಗಳಿಗೆ ಇದರಲ್ಲಿ ಒಂದು ವಿಶೇಷ ತೊಂದರೆ ಇದೆ. ಮೋಸ ಮಾಡಿದವನು ಒಂದು ರಾಜ್ಯದಲ್ಲಿ, ಹಣ ಕಳೆದುಕೊಂಡವನು ಇನ್ನೊಂದು ರಾಜ್ಯದಲ್ಲಿ. ಯಾವ ಠಾಣೆಗೆ ಹೋಗಬೇಕೆಂದು ತಿಳಿಯದೆ ಬಹಳ ಮಂದಿ ಸುಮ್ಮನಾಗುತ್ತಾರೆ. ಆನ್‌ಲೈನ್ ವಂಚನೆಗೆ 1930 ಎಂಬ ಸಹಾಯವಾಣಿ ದೇಶಕ್ಕೆಲ್ಲ ಒಂದೇ. ಹಣ ಹೋದ ಕೂಡಲೇ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ನೆಲದಲ್ಲಿ ಸಿಕ್ಕರೆ?

ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಕಾಸು ಬೇರೆ, ನೇಗಿಲಿಗೆ ಸಿಕ್ಕ ಕಾಸು ಬೇರೆ. 1878ರ ಭಾರತೀಯ ನಿಧಿ ಕಾಯ್ದೆಯಂತೆ ಭೂಮಿಯಲ್ಲಿ ಹುದುಗಿದ್ದು ಸಿಕ್ಕ ವಸ್ತುವಿನ ಬೆಲೆ ಹತ್ತು ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು ಎಂಬುದನ್ನು ಹೇಳಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ತಿಳಿಸಿದವರಿಗೆ ನಷ್ಟವೇ ಎಂದು ಭಾವಿಸಬೇಕಾಗಿಲ್ಲ. ವಾರಸುದಾರರಿಲ್ಲದ ನಿಧಿಯಲ್ಲಿ ಸಿಕ್ಕವರಿಗೂ ಜಮೀನಿನ ಒಡೆಯರಿಗೂ ಪಾಲು ಇದೆ. ಸರ್ಕಾರ ಇಟ್ಟುಕೊಂಡರೆ ಬೆಲೆ ಕೊಡುತ್ತದೆ. ಕರ್ನಾಟಕದಲ್ಲಿ ಇದಕ್ಕೆ 1962ರ ಪ್ರತ್ಯೇಕ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. "ವಿದೇಶದ ಗಿರಾಕಿ ಇದ್ದಾನೆ" ಎನ್ನುವವರಿಂದ ದೂರವಿರಲು ಇದೊಂದೇ ಕಾರಣ ಸಾಕು.

ಎಲ್ಲಿ ಸಿಕ್ಕಿತು ಎಂಬುದು ಕಾನೂನಿಗೆ ಮಾತ್ರವಲ್ಲ, ಚರಿತ್ರೆಗೂ ಮುಖ್ಯ. ಸಿಂಗಾನಲ್ಲೂರಿನ ಪಕ್ಕದಲ್ಲೇ, ನೊಯ್ಯಲ್ ನದಿಯ ದಂಡೆಯ ವೆಳ್ಳಲೂರಿನಲ್ಲಿ 1842ರಲ್ಲಿ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಒಂದೇ ಕಡೆ ಸಿಕ್ಕವು. ಹೆಚ್ಚಿನವು ಅಗಸ್ಟಸ್, ಟೈಬೀರಿಯಸ್ ಎಂಬ ಚಕ್ರವರ್ತಿಗಳವು. ಅದೇ ಊರಿನಲ್ಲಿ 1891ರಲ್ಲೂ 1931ರಲ್ಲೂ ಮತ್ತೆ ರೋಮನ್ ನಾಣ್ಯ ಸಿಕ್ಕವು. ಸಿಕ್ಕ ಊರಿನ ಹೆಸರು ದಾಖಲಾದ್ದರಿಂದಲೇ ಪಾಲಕ್ಕಾಡು ಕಣಿವೆಯ ಮೂಲಕ ಪಶ್ಚಿಮ ಕರಾವಳಿಯಿಂದ ಕೊಂಗುನಾಡಿಗೆ ಎರಡು ಸಾವಿರ ವರ್ಷಗಳ ಹಿಂದೆ ವ್ಯಾಪಾರ ನಡೆದಿತ್ತೆಂದು ಗಟ್ಟಿಯಾಗಿ ಹೇಳಲು ಸಾಧ್ಯವಾಯಿತು. ಅವು ಕರಗಿ ಕಾಲ್ಗೆಜ್ಜೆಯಾಗಿದ್ದರೆ ಆ ಅಧ್ಯಾಯವೇ ಇರುತ್ತಿರಲಿಲ್ಲ. ಸತ್ಯಮಂಗಲದ ಕಾಸು ತಾಳವಾಡಿಯ ಹೊಲದಲ್ಲಿ ಸಿಕ್ಕಿತೋ ಕೊಳ್ಳೇಗಾಲದ ಹಿತ್ತಲಲ್ಲಿ ಸಿಕ್ಕಿತೋ ಎಂಬುದಕ್ಕೂ ಅಷ್ಟೇ ಅರ್ಥವಿದೆ. ತಾಮ್ರದ ತೂಕಕ್ಕೆ ಗುಜರಿಯವನಿಗೆ ಹಾಕಿದ ಕಾಸು ಏನನ್ನೂ ಹೇಳಲಾರದು.

ಮನೆಯಲ್ಲಿದ್ದರೆ ಏನು ಮಾಡಬೇಕು?

ಮೊದಲನೆಯದಾಗಿ, ಉಜ್ಜಬಾರದು. ಹುಣಸೆಹಣ್ಣು, ಬೂದಿ, ಸೋಪಿನ ಪುಡಿ ಯಾವುದೂ ಬೇಡ. ತಾಮ್ರದ ಮೇಲೆ ಕಾಲಕ್ರಮೇಣ ಬಂದ ಕಂದು ಅಥವಾ ಹಸಿರು ಛಾಯೆಯೇ ಅದರ ವಯಸ್ಸಿನ ಗುರುತು. ಥಳಥಳ ಹೊಳೆಯುವಂತೆ ತಿಕ್ಕಿದ ಕಾಸಿಗೆ ಸಂಗ್ರಾಹಕರು ಅರ್ಧ ಬೆಲೆಯನ್ನೂ ಕೊಡುವುದಿಲ್ಲ. ಉಡಿದಾರಕ್ಕೆ ಕಟ್ಟಲು ತೂತು ಹೊಡೆದ ಕಾಸಿಗೂ ಬೆಲೆ ಕಡಿಮೆ.

ಎರಡನೆಯದಾಗಿ, ಎರಡೂ ಬದಿಯ ಚಿತ್ರ ತೆಗೆದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಬೇಕು. ಹಿಂಬದಿಯಲ್ಲಿ ಪರ್ಷಿಯನ್ ಬರಹವಿದ್ದರೆ ಟಿಪ್ಪುವಿನ ಕಾಲದ್ದಿರಬಹುದು. ಆನೆಯ ಮೇಲೆ 'ಶ್ರೀ' ಇದ್ದು ಹಿಂದೆ ಕನ್ನಡವಿದ್ದರೆ ಕೃಷ್ಣರಾಜರ ಕಾಲದ್ದು. ಅಂಚಿನ ಸುತ್ತ ಗೆರೆಯಂಥ ಬೆಸುಗೆ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿ ಕಂಡರೆ ಅಚ್ಚಿನಲ್ಲಿ ಎರಕ ಹೊಯ್ದ ನಕಲು ಎಂಬ ಅನುಮಾನ ಪಡಬೇಕು. ಅಯಸ್ಕಾಂತಕ್ಕೆ ಅಂಟಿದರೆ ಅದು ತಾಮ್ರವೇ ಅಲ್ಲ.

ಮೂರನೆಯದಾಗಿ, ಕನಿಷ್ಠ ಇಬ್ಬರು ತಿಳಿದವರಿಗೆ ತೋರಿಸಬೇಕು. ಚೆನ್ನೈ ಎಗ್ಮೋರಿನ ಸರ್ಕಾರಿ ಮ್ಯೂಸಿಯಂನಲ್ಲಿ ನಾಣ್ಯಗಳ ದೊಡ್ಡ ವಿಭಾಗವೇ ಇದೆ. ಕೊಯಮತ್ತೂರಿನಲ್ಲೂ ಸರ್ಕಾರಿ ಮ್ಯೂಸಿಯಂ ಇದೆ. ಬೆಂಗಳೂರು, ಕೊಯಮತ್ತೂರಿನಂಥ ನಗರಗಳಲ್ಲಿ ಆಗಾಗ ನಡೆಯುವ ನಾಣ್ಯ ಪ್ರದರ್ಶನಗಳಲ್ಲಿ ಒಂದೇ ಮೇಜಿಗೆ ನಿಲ್ಲದೆ ನಾಲ್ಕು ಮೇಜಿನಲ್ಲಿ ವಿಚಾರಿಸಿದರೆ ಬೆಲೆಯ ಅಂದಾಜು ಸಿಗುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು: ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಮಾರುವವರಿಂದಲೇ ಒಂದು ರೂಪಾಯಿ ಮುಂಗಡ ಕೇಳಿದರೂ ಅಲ್ಲಿಗೆ ಮಾತು ಮುಗಿಸಬೇಕು.

ಒಂದು ಆನೆ ಕಾಸಿನಿಂದ ಯಾರ ಸಾಲವೂ ತೀರುವುದಿಲ್ಲ, ಯಾರ ಮನೆಯೂ ಕಟ್ಟಿ ಮುಗಿಯುವುದಿಲ್ಲ. ಕೆಲವು ನೂರು ರೂಪಾಯಿಗೆ ಮಾರುವುದೋ, ಘಾಟಿಯ ಮೇಲಿನವರೂ ಕೆಳಗಿನವರೂ ಒಂದೇ ಸಂತೆಯಲ್ಲಿ ಒಂದೇ ಕಾಸು ಎಣಿಸಿದ ಕಾಲದ ಗುರುತಾಗಿ ಮಕ್ಕಳಿಗೆ ಕೊಡುವುದೋ, ಅದು ಮನೆಯವರಿಗೆ ಬಿಟ್ಟದ್ದು. ಎರಡರಲ್ಲಿ ಯಾವುದನ್ನು ಮಾಡುವ ಮೊದಲೂ ಕಾಸನ್ನು ಒಮ್ಮೆ ತಿರುಗಿಸಿ ಹಿಂಬದಿಯನ್ನು ನೋಡಲಿ.